ಕಲಬುರಗಿ ಬಿಸಿಲಲ್ಲಿ ಬಾಲ್ ಪೈಥಾನ್ ಸಾಕಿದ ನನ್ನ ಅನುಭವ

ನನ್ನ ಹತ್ತಿರ ಇರುವುದು ಆಫ್ರಿಕಾದ ಬಾಲ್ ಪೈಥಾನ್ ಎಂಬ ಹೆಬ್ಬಾವು, ವಿಷ ಇಲ್ಲ. ನಮ್ಮ ಹೊಲದ ಕೇರೆ, ನಾಗರಹಾವನ್ನೆಲ್ಲ ಮನೆಯಲ್ಲಿ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್ ಸಾಕಬಹುದು, ಆದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ಮನೆ ಒರೆಸುವ ಫಿನಾಯಿಲ್ ನೀರಲ್ಲೇ ಪೆಟ್ಟಿಗೆ ಒರೆಸಿ, ವಾಸನೆ ಹೋಗುವ ಮೊದಲೇ ಹಾವು ಬಿಟ್ಟೆ. ಅದು ಮೂಲೆಗೆ ಹೋಗಿ ಮೂತಿ ಮೇಲೆತ್ತಿ ಗಾಜಿಗೆ ಉಜ್ಜಿತು, ಬಾಯಿ ಅರ್ಧ ತೆರೆದೇ ಇತ್ತು. ಕೂಡಲೇ ಹೊರಗೆ ತೆಗೆದೆ, ಉಳೀತು. ಫಿನಾಯಿಲ್ ಹಾವಿಗೆ ವಿಷ, ದಯವಿಟ್ಟು ಮುಟ್ಟಬೇಡಿ.

ಈಗ ದಿನಾ ಬೆಳಿಗ್ಗೆ ನೀರಿನ ಬಟ್ಟಲು ತೊಳೆದು ಹೊಸ ನೀರು ಹಾಕುತ್ತೇನೆ. ಹೇಲು ಕಂಡರೆ ಆಗಲೇ ತೆಗೆಯುತ್ತೇನೆ, ಜೊತೆಗೆ ಸುಣ್ಣದ ಗಟ್ಟಿಯಂಥ ಬಿಳಿ ಉಂಡೆ ಇರುತ್ತದಲ್ವಾ, ಅದು ಅದರ ಮೂತ್ರ, ಗಾಬರಿ ಬೇಡ. ತಿಂಗಳಿಗೊಮ್ಮೆ ಹಾವನ್ನು ಗಾಳಿಯಾಡುವ, ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ, ಪೆಟ್ಟಿಗೆಯನ್ನು ಸೋಪಿನ ನೀರಲ್ಲಿ ಉಜ್ಜಿ, 10 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಪೆಟ್ಟಿಗೆಗೆ ಹಚ್ಚಿ ಹತ್ತು ನಿಮಿಷ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಮಾಳಿಗೆ ಮೇಲೆ ಒಣಗಿಸುತ್ತೇನೆ. ನಮ್ಮ ಬಿಸಿಲಿಗೆ ಒಂದು ತಾಸು ಸಾಕು. ಹಾಸಲು ಹಳೇ ಪೇಪರ್. ಇದೆಲ್ಲ ಬಚ್ಚಲಲ್ಲಿ, ಬೇರೆ ಬಕೆಟ್‌ನಲ್ಲೇ. ಅಡುಗೆಮನೆ ಸಿಂಕ್ ಹತ್ತಿರ ತರಲೇಬಾರದು, ಆರೋಗ್ಯವಾಗಿರುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಅಕ್ಕನ ಮಗನಿಗೆ ಇನ್ನೂ ನಾಲ್ಕು ವರ್ಷ, ಅವನ ಕೈಗೆ ಕೊಡುವುದಿಲ್ಲ, ಎಷ್ಟು ಅತ್ತರೂ.

ಬೇರೆ ಊರವರು ಪೆಟ್ಟಿಗೆ ಬಿಸಿ ಮಾಡಲು ಒದ್ದಾಡುತ್ತಾರೆ, ನಮಗೆ ತಂಪು ಮಾಡುವುದೇ ಕೆಲಸ. ಹಾವಿಗೆ ಪೆಟ್ಟಿಗೆಯ ಒಂದು ಕಡೆ 31–32, ಇನ್ನೊಂದು ಕಡೆ 26 ಡಿಗ್ರಿ ಇದ್ದರೆ ಸಾಕು, ಹೊರಗೆ ಮೇ ತಿಂಗಳಲ್ಲಿ 42. ಪೆಟ್ಟಿಗೆಯನ್ನು ಒಳಕೋಣೆಯ ಶಹಾಬಾದ್ ಕಲ್ಲಿನ ನೆಲದ ಮೇಲೇ ಇಟ್ಟಿದ್ದೇನೆ, ಮಧ್ಯಾಹ್ನ ಕೂಲರ್ ಹಾಕುತ್ತೇನೆ. ಕೂಲರ್‌ನ ತೇವದಿಂದ ಹಾವು ಪೊರೆ ಬಿಡಲೂ ಅನುಕೂಲ.

ಹೋದ ಬೇಸಿಗೆಯಲ್ಲಿ ಕೂಲರ್ ಕೆಟ್ಟು ನಾಲ್ಕು ದಿನ ಗಾಳಿ ಒಣಗಿತ್ತು. ಪೊರೆ ತುಂಡು ತುಂಡಾಗಿ ಬಂತು, ಎಡಗಣ್ಣಿನ ಮೇಲಿನದು ಹಾಗೇ ಉಳೀತು. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಎಂದೂ ಉಗುರಲ್ಲಿ ಕೀಳಬೇಡಿ, ಕಣ್ಣೇ ಹೋಗಬಹುದು. ಒದ್ದೆ ಪಾಚಿ ತುಂಬಿದ ಡಬ್ಬಿಗೆ ಹಾವು ನುಗ್ಗುವಷ್ಟು ತೂತು ಮಾಡಿ ಪೆಟ್ಟಿಗೆಯೊಳಗಿಟ್ಟೆ, ಸಂಜೆ ಹಾವನ್ನು ಹದಿನೈದು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ, ಅದರ ತಲೆ ನೀರಿನಿಂದ ಮೇಲೇ ಇರುವಷ್ಟು ಕಡಿಮೆ ಆಳದಲ್ಲಿ ಬಿಟ್ಟೆ, ನಾನು ಪಕ್ಕದಿಂದ ಏಳಲಿಲ್ಲ. ಮೈಮೇಲಿನ ತುಂಡುಗಳು ಒದ್ದೆ ಟವೆಲ್ ಮೇಲೆ ಹರಿದಾಡುವಾಗ ತಾವೇ ಬಿಟ್ಟವು. ಕಣ್ಣಿನದು ಮುಂದಿನ ಪೊರೆಯ ಜೊತೆ ಬಂತು. ಆ ಸಲ ಪೊರೆ ಮೂತಿಯಿಂದ ಬಾಲದವರೆಗೆ ಕಾಲುಚೀಲದಂತೆ ಮಗುಚಿಕೊಂಡು ಒಂದೇ ಆಗಿ ಬಂದಿತ್ತು. ಬೆಳಕಿಗೆ ಹಿಡಿದು ನೋಡಿದೆ, ಎರಡೂ ಕಣ್ಣಿನ ಮೇಲಿನ ಪೊರೆಯ ಬಿಲ್ಲೆಗಳು ಅದರಲ್ಲೇ ಇದ್ದವು.