ಒಂದು ‘ಅ’ಕಾರ ತಿದ್ದಲು ಹೋಗಿ: ವಿಶ್ವವಿದ್ಯಾಲಯದ ಕಾನೂನಿನ ಕಸ ಗುಡಿಸಿದ ನನ್ನ ಅನುಭವ

ಒಂದು ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿದ್ದಾಗ ನನಗೆ ಒಂದು ಕೆಲಸ ಬಂತು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ (ಕಾಯ್ದೆ), 2000 ಪೂರ್ತಿ ಓದಿ, ಅದರಲ್ಲಿರುವ ಹಳೇ ಹೆಸರು, ತಪ್ಪಿದ ಪ್ರಕರಣ (ಸೆಕ್ಷನ್) ಸಂಖ್ಯೆ, ಕೆಲಸ ಮುಗಿದ ಮಾತುಗಳನ್ನು ಪಟ್ಟಿ ಮಾಡಿಕೊಡಬೇಕು. ‘ಸುಮ್ನೆ ತಾಂತ್ರಿಕ ತಿದ್ದುಪಡಿ, ಒಂದು ವಾರದ ಕೆಲಸ’ ಎಂದರು. ನಾನೂ ನಂಬಿದೆ.

ಮೊದಲ ತೊಡಕು ಹೆಸರಿನಲ್ಲೇ ಇತ್ತು. ಹೆಸರಿನಲ್ಲಿ 2000 ಇದ್ದರೂ ಇದು 2001ರ 29ನೇ ಅಧಿನಿಯಮ. 2000ದ ಸಂಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಎರಡನೆಯದು, ನಮ್ಮ ಕೈಯಲ್ಲಿದ್ದ ಸ್ಪೈರಲ್ ಬೈಂಡ್ ಪ್ರತಿ. ಎಲ್ಲರೂ ಅದನ್ನೇ ನೋಡುತ್ತಿದ್ದರು, ಆದರೆ ಒಂದು ತಿದ್ದುಪಡಿ ಅದರಲ್ಲಿ ಸೇರಿರಲೇ ಇಲ್ಲ. ಹಾಗಾಗಿ ಮೂಲ ಪಠ್ಯ ತೆಗೆದುಕೊಂಡು, ಒಂದೊಂದೇ ತಿದ್ದುಪಡಿಯನ್ನು ಬಂದ ಕ್ರಮದಲ್ಲೇ ಕೂರಿಸುತ್ತಾ ಹೋದೆ. ‘ಪ್ರತಿಯೋಜಿಸತಕ್ಕದ್ದು’ (ಹಳೆಯದರ ಬದಲಿಗೆ ಹೊಸದು ಹಾಕಬೇಕು), ‘ಸೇರಿಸತಕ್ಕದ್ದು’, ‘ಬಿಟ್ಟುಬಿಡತಕ್ಕದ್ದು’. ಈ ಮೂರು ಪದಗಳ ಜೊತೆ ಎರಡು ವಾರ ಕಳೆದೆ. ಕ್ರಮ ತಪ್ಪಿದರೆ ಮುಂದಿನ ತಿದ್ದುಪಡಿ ಹೇಳುವ ಪದವೇ ಪಠ್ಯದಲ್ಲಿ ಇರುವುದಿಲ್ಲ.

ಪಟ್ಟಿಗೆ ನಾಲ್ಕು ಕಾಲಂ ಹಾಕಿದೆ: ಈಗ ಏನಿದೆ, ಏನಾಗಬೇಕು, ಯಾಕೆ, ಯಾರದಾದರೂ ಹಕ್ಕು ಬದಲಾಗುತ್ತದೆಯೇ. ಕೊನೆಯ ಕಾಲಂನಲ್ಲಿ ‘ಇಲ್ಲ’ ಎಂದು ಧೈರ್ಯವಾಗಿ ಬರೆಯಲಾಗದಿದ್ದರೆ ಆ ಸಾಲು ಹೊರಗೆ. ಅದು ನೀತಿಯ ವಿಷಯ, ಬೇರೆ ಫೈಲಿಗೆ ಹೋಗಬೇಕು.

ಊರಿನ ಹೆಸರುಗಳ ವಿಷಯಕ್ಕೆ ಬರೋಣ. 2014ರ ನವೆಂಬರ್ 1ರಂದು 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ನಮ್ಮ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಪಠ್ಯದ ಮೇಲೆ ಒಂದೇ ಏಟಿಗೆ ‘ಬ್ಯಾಂಗಲೋರ್’ ಎಲ್ಲವನ್ನೂ ‘ಬೆಂಗಳೂರು’, ‘ಮೈಸೋರ್’ ಎಲ್ಲವನ್ನೂ ‘ಮೈಸೂರು’ ಮಾಡಿಟ್ಟ. ನೋಡಿ ಎದೆ ಧಸಕ್ಕೆಂದಿತು. ಊರಿನ ಹೆಸರು ಬದಲಾದರೆ ವಿಶ್ವವಿದ್ಯಾಲಯದ ಹೆಸರು ತಾನಾಗಿ ಬದಲಾಗುವುದಿಲ್ಲ. ಅದು ಕಾನೂನು ಕೊಟ್ಟ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ. ಪಹಣಿ, ಬ್ಯಾಂಕ್ ಖಾತೆ, ಕೋರ್ಟ್ ಕೇಸು, ಪದವಿ ಪತ್ರ ಎಲ್ಲವೂ ಆ ಹೆಸರಿನಲ್ಲೇ ಇವೆ. ಕೇಂದ್ರ ಸ್ಥಾನ ಎಂದು ಬರುವಲ್ಲಿ ಹೊಸ ಹೆಸರು ಹಾಕಬಹುದು, ಸಂಸ್ಥೆಯ ಹೆಸರಿನಲ್ಲಿ ಅಲ್ಲ. ಅದಕ್ಕೇ ಈಗಲೂ ‘ಗುಲಬರ್ಗಾ ವಿಶ್ವವಿದ್ಯಾಲಯ, ಕಲಬುರಗಿ’ ಎಂದು ಬರೆಯುತ್ತೇವೆ, ಅಲ್ವಾ?

ತಮಾಷೆ ಎಂದರೆ ಕನ್ನಡ ಪಠ್ಯ ನೋಡಿದರೆ ಈ ಎಡವಟ್ಟು ಅರ್ಧ ಕಾಣುವುದೇ ಇಲ್ಲ. ಕನ್ನಡದಲ್ಲಿ ಮೈಸೂರು ಮೊದಲೂ ಮೈಸೂರೇ. ಆದರೆ ಸಂವಿಧಾನದ 348(3)ನೇ ವಿಧಿ ಪ್ರಕಾರ, ಕಾನೂನು ಕನ್ನಡದಲ್ಲಿ ಆಗಿದ್ದರೂ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ (ಗೆಜೆಟ್) ಬಂದ ಇಂಗ್ಲಿಷ್ ಅನುವಾದವೇ ಇಂಗ್ಲಿಷ್ ಭಾಷೆಯಲ್ಲಿ ಅದರ ಅಧಿಕೃತ ಪಠ್ಯ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು.

ಹುಡುಗನಿಗೆ ಬೈದ ನಾನೇ ಮಾರನೆಯ ದಿನ ಎಡವಿದೆ. ಧಾರವಾಡದ ವಿಶ್ವವಿದ್ಯಾಲಯದ ಹೆಸರು ಇಂಗ್ಲಿಷಿನಲ್ಲಿ ‘ಕರ್ನಾಟಕ್’ ಎಂದಿತ್ತು. ಕೊನೆಯ ‘ಅ’ ಬಿಟ್ಟುಹೋಗಿದೆ ಎಂದುಕೊಂಡು ಮುದ್ರಣ ದೋಷದ ಪಟ್ಟಿಗೆ ಸೇರಿಸಿದೆ. ಧಾರವಾಡ ಕಡೆಯ ಹಿರಿಯರೊಬ್ಬರು ಆ ಸಾಲಿಗೆ ಕೆಂಪು ಗೀಟು ಎಳೆದು, ‘ತಮ್ಮಾ, ಅದು ತಪ್ಪಲ್ಲೋ, ಅದರ ಹೆಸರ ಹಂಗೈತಿ’ ಎಂದರು. ಆ ವಿಶ್ವವಿದ್ಯಾಲಯ 1949ರದ್ದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ರಾಜ್ಯದ ಹೆಸರು ನೋಡಿ ಅದನ್ನು ತಿದ್ದಲು ನಾನ್ಯಾರು!

ಜಿಲ್ಲೆಗಳ ಕೆಲಸ ಇದಕ್ಕಿಂತ ಜಾಸ್ತಿ ಸೂಕ್ಷ್ಮ. ವಿಶ್ವವಿದ್ಯಾಲಯಗಳ ವ್ಯಾಪ್ತಿ ಜಿಲ್ಲೆ ಲೆಕ್ಕದಲ್ಲಿದೆ, ಜಿಲ್ಲೆಗಳೋ ಒಡೆಯುತ್ತಲೇ ಇರುತ್ತವೆ. 2009ರ ಕೊನೆಗೆ ಯಾದಗಿರಿ, 2021ರಲ್ಲಿ ವಿಜಯನಗರ. ಬಳ್ಳಾರಿ ಎಂದಷ್ಟೇ ಬರೆದಿದ್ದರೆ ಹೊಸಪೇಟೆಯ ಕಾಲೇಜು ಯಾರದು? ನೆಲ ಅದೇ, ಹೆಸರು ಮಾತ್ರ ಹೊಸದು. ಹಾಗಾಗಿ ಹೊಸ ಹೆಸರು ಸೇರಿಸುವುದು ತಾಂತ್ರಿಕ. ಆದರೆ 2022ರಲ್ಲಿ ಕೊಪ್ಪಳ, ಬೀದರ್, ಹಾಸನ ಮುಂತಾದ ಕಡೆ 7 ಹೊಸ ವಿಶ್ವವಿದ್ಯಾಲಯಗಳು ಬಂದವಲ್ಲ, ಅದು ಬೇರೆ ಕಥೆ. ಒಂದು ಕಡೆ ಜಿಲ್ಲೆ ಸೇರಿಸಿದರೆ ಇನ್ನೊಂದು ಕಡೆ ತೆಗೆಯಬೇಕು. ಇಲ್ಲದಿದ್ದರೆ ಒಂದೇ ಕಾಲೇಜಿಗೆ ಇಬ್ಬರು ತಾಯಂದಿರು. ಹಳೇ ವಿಶ್ವವಿದ್ಯಾಲಯದಲ್ಲಿ ಆಗಲೇ ಓದುತ್ತಿರುವವರಿಗೆ ಪದವಿ ಕೊಡುವವರು ಯಾರು ಎಂದೂ ಬರೆಯಬೇಕು. ಇಲ್ಲಿ ನಾಲ್ಕನೇ ಕಾಲಂನಲ್ಲಿ ‘ಇಲ್ಲ’ ಬರೆಯಲು ಬರುವುದಿಲ್ಲ.

ಪ್ರಕರಣಗಳ ಸಂಖ್ಯೆಯನ್ನು ಮಾತ್ರ ಮುಟ್ಟಲಿಲ್ಲ. ಒಂದು ಉಪಪ್ರಕರಣ ತೆಗೆದರೆ ಜಾಗ ಖಾಲಿ ಬಿಡಿ, ಕೆಳಗಿನದನ್ನು ಮೇಲೆ ಎಳೆಯಬೇಡಿ. ನೂರಾರು ಆದೇಶಗಳಲ್ಲಿ ಆ ಸಂಖ್ಯೆ ಉಲ್ಲೇಖವಾಗಿರುತ್ತದೆ. 2000ದ ಕಾನೂನಿಗೂ ಮೊದಲಿದ್ದ 1976ರ ಹಳೇ ವಿಶ್ವವಿದ್ಯಾಲಯ ಅಧಿನಿಯಮವನ್ನು ಹೆಸರಿಸುವ ಕಡತಗಳ ಗೋಜಿಗೂ ಹೋಗಲಿಲ್ಲ. ನಿರಸನವಾದ (ರದ್ದಾದ) ಕಾನೂನಿನ ಉಲ್ಲೇಖವನ್ನು ಅದರ ಜಾಗಕ್ಕೆ ಬಂದ ಕಾನೂನಿನ ಉಲ್ಲೇಖ ಎಂದೇ ಓದಿಕೊಳ್ಳಲು ಕರ್ನಾಟಕ ಸಾಮಾನ್ಯ ಖಂಡಗಳ ಅಧಿನಿಯಮ, 1899 ಇದೆ. ಅದೊಂದರಿಂದಲೇ ನನ್ನ ಪಟ್ಟಿಯ ಅರ್ಧ ಪುಟಗಳು ಉದುರಿದವು.

ಪಟ್ಟಿ ಮೇಲಕ್ಕೆ ಹೋಯಿತು. ತಿಂಗಳಾದ ಮೇಲೆ ಒಂದೇ ಷರಾದೊಂದಿಗೆ ವಾಪಸು ಬಂತು: ‘ಧಾರವಾಡ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋದಂತಿದೆ, ಪರಿಶೀಲಿಸಿ.’