ಏಳು ಸಭೆಗಳ ದಾರಿಯಲ್ಲಿ ಗುಂಪು ಕರೆದುಕೊಂಡು ಹೋಗುವುದು

ಬೈಬಲ್ ನಾಡಿನ ಪ್ರವಾಸ ಅಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಜೆರುಸಲೇಮ್ ಮತ್ತು ಬೆತ್ಲೆಹೇಮ್. ನಾನು ಜಾಸ್ತಿ ಗುಂಪು ಕಟ್ಟಿಕೊಂಡು ಹೋಗುವುದು ಟರ್ಕಿಗೆ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 2 ಮತ್ತು 3ನೇ ಅಧ್ಯಾಯದಲ್ಲಿ ಒಂದೊಂದು ಪತ್ರ ಪಡೆದ ಏಳು ಸಭೆಗಳೂ, ಅಂದರೆ ಆರಂಭದ ಕ್ರೈಸ್ತ ಸಮುದಾಯಗಳೂ, ಅಲ್ಲೇ, ಪಶ್ಚಿಮ ಭಾಗದಲ್ಲಿವೆ. ಒಂದೇ ಬಸ್ಸಿನಲ್ಲಿ ಏಳನ್ನೂ ನೋಡಬಹುದು.

ಯಾವ ಊರು ಮೊದಲು ಅನ್ನುವುದರಲ್ಲಿ ಮಾತ್ರ ನಾನು ಹಟ ಬಿಡುವುದಿಲ್ಲ. ಪತ್ರಗಳು ಬರುವ ಕ್ರಮದಲ್ಲೇ ಹೋಗಬೇಕು: ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಭೂಪಟದಲ್ಲಿ ಗೆರೆ ಎಳೆದು ನೋಡಿ. ಎಫೆಸದಿಂದ ಉತ್ತರಕ್ಕೆ ಪೆರ್ಗಮದವರೆಗೆ ಹತ್ತಿ, ಆಗ್ನೇಯಕ್ಕೆ ತಿರುಗಿ ಲವೊದಿಕೀಯಕ್ಕೆ ಇಳಿಯುವ ದಾರಿ ಅದು. ಪತ್ರ ಹೊತ್ತವನು ನಡೆದಿರಬಹುದಾದ ದಾರಿಯೂ ಇದೇ. ಹೋಟೆಲ್ ಸಿಗುವ ಲೆಕ್ಕದಲ್ಲಿ ಪ್ರವಾಸದವರು ಈ ಕ್ರಮ ಹಿಂದುಮುಂದು ಮಾಡುತ್ತಾರೆ. ನಾನು ಒಪ್ಪುವುದಿಲ್ಲ.

ಊರು ಬಿಡುವ ಮೊದಲೇ ಏಳು ಜನರಿಗೆ ಒಂದೊಂದು ಪತ್ರ ಹಂಚುತ್ತೇನೆ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಬಿಸಿಲಿನಲ್ಲಿ ಮೊಬೈಲ್ ಪರದೆ ಕಾಣುವುದಿಲ್ಲ. ಆಯಾ ಊರಿನಲ್ಲಿ ಅವರೇ ನಿಂತು ಓದಬೇಕು. ಅಯ್ಯನವರಿಗೋ ಫಾದರಿಗೋ ಓದಲು ಕೊಡುವುದಿಲ್ಲ. ಅವರು ಓದಿದರೆ ಪ್ರಸಂಗ ಶುರುವಾಗಿಬಿಡುತ್ತದೆ!

ಎಫೆಸದಲ್ಲಿ ಮೇಲಿನ ಗೇಟಿನಿಂದ ಒಳಗೆ ಹೋಗಿ ಕೆಳಗೆ ಇಳಿಯಬೇಕು. ಉಲ್ಟಾ ಹೋದರೆ ವಯಸ್ಸಾದವರಿಗೆ ಏರು. ಅಮೃತಶಿಲೆಯ ಬೀದಿ ಸವೆದು ನುಣುಪಾಗಿದೆ, ಜಾರುತ್ತದೆ. ನಾನು ಜಾಸ್ತಿ ಹೊತ್ತು ಕೂರಿಸುವುದು ದೊಡ್ಡ ರಂಗಮಂದಿರದಲ್ಲಿ. ಅಪೊಸ್ತಲ ಪೌಲನ ಬೋಧನೆಯ ವಿರುದ್ಧ ದೇಮೇತ್ರಿಯ ಅನ್ನುವ ಅಕ್ಕಸಾಲಿಗ ಎಬ್ಬಿಸಿದ ಗಲಾಟೆಯಲ್ಲಿ ಜನ ನುಗ್ಗಿದ್ದು ಅಲ್ಲಿಗೇ, ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ. ಸುಮಾರು 24 ಸಾವಿರ ಜನ ಕೂರುವ ಜಾಗ. ‘ಪೌಲನನ್ನು ಒಳಗೆ ಹೋಗದಂತೆ ಶಿಷ್ಯರು ಯಾಕೆ ತಡೆದರು’ ಎಂದು ಅಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ.

ಮೇಲಿನ ಬೆಟ್ಟದಲ್ಲಿ ಮರಿಯಮ್ಮನವರ ಮನೆ ಎಂದು ನಂಬುವ ಪುಟ್ಟ ಕಲ್ಲಿನ ಕಟ್ಟಡವಿದೆ. ನಮ್ಮ ಗುಂಪಿನಲ್ಲಿ ಕಥೋಲಿಕರೂ ಪ್ರೊಟೆಸ್ಟೆಂಟರೂ ಇರುತ್ತಾರೆ, ಸಣ್ಣಪುಟ್ಟ ಚರ್ಚೆ ಇದ್ದದ್ದೇ. ಆದರೆ ಒಳಗೆ ಸ್ಥಳೀಯ ಮುಸ್ಲಿಂ ಹೆಂಗಸರೂ ಕೈಯೆತ್ತಿ ನಿಂತಿದ್ದನ್ನು ಕಂಡ ಮೇಲೆ ಚರ್ಚೆ ತಾನಾಗಿ ನಿಲ್ಲುತ್ತದೆ.

ಸ್ಮುರ್ನ ಅಂದರೆ ಇಂದಿನ ಇಜ್ಮಿರ್. ಊರ ನಡುವೆ ಹಳೆಯ ಪೇಟೆಯ ಕಮಾನುಗಳಿವೆ. ಇಲ್ಲಿನ ಹಳೆಯ ಬಿಷಪ್ ಪೊಲಿಕಾರ್ಪ ಹುತಾತ್ಮನಾದ ಊರು ಇದು. ಅಲ್ಲಿಂದ ಪೆರ್ಗಮಕ್ಕೆ, ಈಗಿನ ಬೆರ್ಗಾಮಕ್ಕೆ, ಸುಮಾರು 100 ಕಿಲೋಮೀಟರ್. ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ರಂಗಮಂದಿರ ತೀರಾ ಕಡಿದು, ಮಂಡಿನೋವಿನವರು ಮೇಲಿಂದಲೇ ನೋಡಲಿ. ಇಲ್ಲಿನ ಪತ್ರದಲ್ಲಿ ಬರುವ ‘ಸೈತಾನನ ಸಿಂಹಾಸನ’ ಅಂದರೆ ಜೀಯೂಸನ ಬಲಿಪೀಠ ಎಂದು ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಅದೊಂದು ಊಹೆ ಅಷ್ಟೇ, ಬೇರೆ ಊಹೆಗಳೂ ಇವೆ. ಬಲಿಪೀಠದ ಶಿಲ್ಪಗಳು ಬರ್ಲಿನ್ ಸೇರಿವೆ, ಇಲ್ಲಿ ಉಳಿದಿರುವುದು ಅಡಿಪಾಯ ಮತ್ತು ಪೈನ್ ಮರ.

ಥುವತೈರ ಈಗ ಅಖಿಸಾರ್. ಬಜಾರಿನ ನಡುವೆ ಬೇಲಿ ಹಾಕಿದ ಒಂದು ತುಂಡು ನೆಲ, ಒಂದಿಷ್ಟು ಕಂಬ. ನೇರಳೆ ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಈ ಊರಿನವಳು ಎಂದು ನೆನಪಿಸಿ ಬಸ್ ಹತ್ತಿಸುತ್ತೇನೆ.

ಸಾರ್ದಿಸ್‌ಗೆ ಮಾತ್ರ ಅರ್ಧ ದಿನ ಇಡಿ. ಅರ್ತೆಮಿ ದೇವಾಲಯದ ಹತ್ತಿರ ನಿಂತು ತಲೆಯೆತ್ತಿದರೆ ಕೋಟೆಯ ಗುಡ್ಡ ಕಾಣುತ್ತದೆ, ಕಡಿದಾದ ಮಣ್ಣಿನ ಗೋಡೆ. ಇದನ್ನು ಯಾರು ಹತ್ತುತ್ತಾರೆ ಎಂದು ಕಾವಲು ಇಡದ ಕಡೆಯಿಂದಲೇ ಶತ್ರು ಹತ್ತಿದ, ಅದೂ ಎರಡು ಸಲ. ಕ್ರಿ.ಪೂ. 6ನೇ ಶತಮಾನದಲ್ಲಿ ಪರ್ಷಿಯದ ರಾಜ ಕೋರೆಷನ ಸೈನಿಕರು, ಮುಂದೆ ಗ್ರೀಕ್ ರಾಜ ಮೂರನೇ ಅಂತಿಯೋಕನ ಸೈನಿಕರು. ಅಲ್ಲೇ ‘ಎಚ್ಚರವಾಗಿರದಿದ್ದರೆ ಕಳ್ಳನಂತೆ ಬರುವೆನು’ ಅನ್ನುವ ಮಾತನ್ನು ಓದಿಸಬೇಕು. ಊರಿನವರಿಗೆ ಆ ಮಾತು ಎಷ್ಟು ಚುಚ್ಚಿರಬೇಕು ಅಲ್ವಾ?

ಫಿಲದೆಲ್ಫಿಯ, ಈಗಿನ ಅಲಶೆಹಿರ್. ಮನೆಗಳ ನಡುವೆ ಹಳೆಯ ಚರ್ಚಿನ ಮೂರ್ನಾಲ್ಕು ದಪ್ಪ ಕಂಬಗಳು. ‘ಇಷ್ಟೇನಾ ಸರ್?’ ಎಂದು ಒಬ್ಬರಾದರೂ ಕೇಳುತ್ತಾರೆ. ಪತ್ರ ಓದಿಸುತ್ತೇನೆ: ಜಯಹೊಂದುವವನನ್ನು ದೇವಾಲಯದಲ್ಲಿ ಕಂಬವಾಗಿ ನಿಲ್ಲಿಸುವೆನು, ಅವನು ಇನ್ನೆಂದಿಗೂ ಹೊರಗೆ ಹೋಗುವುದಿಲ್ಲ. ಕ್ರಿ.ಶ. 17ರ ಭೂಕಂಪದ ನಂತರ ನಡುಕ ನಿಲ್ಲದೆ ಜನ ಊರ ಹೊರಗೇ ಬದುಕುತ್ತಿದ್ದರು. ಅವರಿಗೆ ‘ಹೊರಗೆ ಹೋಗುವುದಿಲ್ಲ’ ಅಂದರೆ ಏನೆಂದು ಗೊತ್ತಿತ್ತು. ದ್ರಾಕ್ಷಿ ಕಾಲವಾದರೆ ಒಣದ್ರಾಕ್ಷಿ ಇಲ್ಲೇ ಕೊಳ್ಳಿ.

ಲವೊದಿಕೀಯದಲ್ಲಿ ನಾನು ಕೈಹಿಡಿದು ತೋರಿಸುವುದು ನೀರಿನ ಕೊಳವೆ. ಮಣ್ಣಿನ ಕೊಳವೆಯ ಒಳಗೆ ಸುಣ್ಣ ಪದರ ಪದರವಾಗಿ ಕಟ್ಟಿ ರಂಧ್ರ ಕಿರಿದಾಗಿದೆ. ಬೆರಳು ಹಾಕಿ ನೋಡುವಷ್ಟು ಹತ್ತಿರ ಹೋಗಬಹುದು. ‘ನೀನು ಉಗುರುಬೆಚ್ಚಗಿದ್ದೀ’ ಅನ್ನುವ ಪತ್ರದ ಮಾತು ಬಂದಾಗ ಗೈಡ್‌ಗಳು ಹತ್ತಿರದ ಪಾಮುಕ್ಕಲೆಯ ಬಿಸಿನೀರೇ ಇಲ್ಲಿಗೆ ಬಂತು ಅನ್ನುತ್ತಾರೆ. ಪಾಮುಕ್ಕಲೆ ಇರುವುದು ಉತ್ತರಕ್ಕೆ, ನಾಲೆ ಬಂದಿದ್ದು ದಕ್ಷಿಣದಿಂದ. ನನಗೆ ಇದಕ್ಕಿಂತ ಗಟ್ಟಿ ಅನಿಸುವುದು ಬೇರೆ: ಕ್ರಿ.ಶ. 60ರಲ್ಲಿ ಭೂಕಂಪವಾದಾಗ ಈ ಊರು ರೋಮ್‌ನ ನೆರವಿಲ್ಲದೆ ಸ್ವಂತ ದುಡ್ಡಿನಲ್ಲಿ ಎದ್ದು ನಿಂತಿತು ಎಂದು ರೋಮನ್ ಇತಿಹಾಸಕಾರ ತಾಸಿತಸ್ ಬರೆದಿದ್ದಾನೆ. ‘ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ’ ಅನ್ನುವ ಗರ್ವಕ್ಕೆ ಪತ್ರ ಪೆಟ್ಟು ಕೊಡುವುದು ಅಲ್ಲಿ.

ಇನ್ನು ವ್ಯವಹಾರದ ಮಾತು. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್ ಬೇಡವೇ ಬೇಡ, ನೆರಳಿಲ್ಲ. ಟರ್ಕಿಯಲ್ಲಿ ಲೈಸೆನ್ಸ್ ಇರುವ ಗೈಡ್ ಕಡ್ಡಾಯ. ಬೈಬಲ್ ಓದಿಕೊಂಡವರನ್ನೇ ಕೇಳಿ ಪಡೆಯಿರಿ. ಗುಂಪಾಗಿ ಹಾಡುವ ಮುನ್ನ ಅವರನ್ನು ಕೇಳಿ. ಬೆಳಗಿನ ತಿಂಡಿ ಆಲಿವ್, ಚೀಸ್, ಬ್ರೆಡ್ಡು. ಅನ್ನ ಬೇಕೆನ್ನುವವರಿಗೆ ಪಿಲಾವ್ ಮತ್ತು ಬೇಳೆ ಸೂಪ್ ಸಿಗುತ್ತದೆ, ಜೊತೆಗೆ ಚಟ್ನಿಪುಡಿ ಇಟ್ಟುಕೊಳ್ಳಿ. ಪ್ರಕಟನೆಯ ದರ್ಶನ ಯೋಹಾನನಿಗೆ ಆದ ಪತ್ಮೊಸ್ ದ್ವೀಪ ಸೇರಿಸಬೇಕಾದರೆ ಅದು ಗ್ರೀಸ್, ಷೆಂಗೆನ್ ವೀಸಾ ಬೇಕು. ಆ ವಿಷಯ ಹಣ ಕಟ್ಟುವ ಮೊದಲೇ ತಿಳಿಸಿಬಿಡಿ.

ಸಮಯ ಉಳಿದರೆ ಲವೊದಿಕೀಯದ ಹತ್ತಿರದ ಕೊಲೊಸ್ಸೆಗೂ ಹೋಗುತ್ತೇನೆ, ಬೈಬಲ್ಲಿನ ಕೊಲೊಸ್ಸೆಯವರಿಗೆ ಬರೆದ ಪತ್ರದ ಊರು. ನೋಡಲು ಬರೀ ದಿಬ್ಬ, ಹಾಗಾಗಿ ಯಾವ ಪ್ಯಾಕೇಜಿನಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ನಡೆಯುವ ಮನಸ್ಸಿದ್ದವರನ್ನು ಮಾತ್ರ ಕರೆದುಕೊಂಡು ಹೋಗುತ್ತೇನೆ, ಉಳಿದವರು ಪಾಮುಕ್ಕಲೆಯಲ್ಲಿ ಕಾಲು ಇಳಿಬಿಟ್ಟು ಕೂರಲಿ. ಚಪ್ಪಲಿ ಬೇಡ, ಶೂ ಹಾಕಿ. ಮುಳ್ಳು ಜಾಸ್ತಿ.