ನನ್ನ ಪದ ನನಗೇ ಕಲಿಸಿದರು

ಹೋದ ವರ್ಷ ಹತ್ತಿ ಬಿಡಿಸುವ ಹೊತ್ತಿನಲ್ಲಿ ನಮ್ಮ ಪಕ್ಕದ ಹೊಲಕ್ಕೆ ಸಿಂಧನೂರು ಕಡೆಯಿಂದ ಒಂದು ಟಂಟಂ ಆಟೋ ತುಂಬ ಹೆಣ್ಣಾಳು ಬಂದಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರಲ್ಲಿ ಒಬ್ಬ ಹುಡುಗಿ ಪದ ಎತ್ತಿದಳು. ಎರಡನೇ ಸಾಲಿಗೆ ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಅದು ನಾನು ಕಟ್ಟಿದ ಪದ. ನಾನೂ ಸುಮ್ನೆ ದನಿಗೂಡಿಸಿದೆ. ಅವಳು ನಿಲ್ಲಿಸಿ, "ಹಂಗಲ್ಲ ಯಕ್ಕ, ಅಲ್ಲಿ ಎಳೀಬೇಕು, ನಾ ಕಲಿಸ್ತೀನಿ ತಡಿ" ಅಂದಳು. ಕಲಿತೆ ನೋಡ್ರಿ! ಕೊನೇ ನುಡಿಯಲ್ಲಿ (ಚರಣದಲ್ಲಿ) ಅವರೂರ ಹನುಮಪ್ಪನ ಹೆಸರು ಬಂತು. ನಾನು ಯಾವ ಹನುಮಪ್ಪನ ಹೆಸರನ್ನೂ ಹಾಕಿರಲಿಲ್ಲ. "ಇದು ನಾ ಕಟ್ಟಿದ್ದವ್ವ" ಅಂದೆ. ಎಲ್ಲರೂ ನಕ್ಕರು. "ಇದು ನಮ್ಮವ್ವನ ಪದ ಐತಿ ಬಿಡಕ್ಕ" ಅಂದಳು ಹುಡುಗಿ. ಅವಳ ತಪ್ಪೇನೂ ಇಲ್ಲ, ಅವಳು ಕೇಳಿದ್ದೇ ಹಾಗೆ.

ನಾನು ಮಾನ್ವಿ ತಾಲ್ಲೂಕಿನ ಹೊಳೆದಂಡೆಯ ಊರಿನವಳು. ಎರಡೂವರೆ ಎಕರೆ ಇದೆ, ಹತ್ತಿ ಮತ್ತು ಜೋಳ. ಸಾಲದಿದ್ದಾಗ ಕೂಲಿಗೂ ಹೋಗುತ್ತೇನೆ. ತುಂಗಭದ್ರೆ ಕಣ್ಣಿಗೆ ಕಾಣುತ್ತಾಳೆ, ಹೊಲಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಬರೀ ಉಸುಕು. ಏಳನೇ ಕ್ಲಾಸಿಗೆ ಸಾಲಿ ಬಿಟ್ಟೆ. ಇಪ್ಪತ್ತು ವರ್ಷದಿಂದ ಪದ ಕಟ್ಟುತ್ತಿದ್ದೇನೆ. ಹೇಗೆ ಕಟ್ಟುತ್ತೀರಿ ಅಂತ ಆಗಾಗ ಕೇಳುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಿವಿಗೆ ಬಿದ್ದದ್ದು ಅವ್ವನ ಬೀಸುಕಲ್ಲಿನ ಪದ. ಊರಿಗೆ ಗಿರಣಿ ಬಂದ ಮೇಲೂ ಹಬ್ಬಕ್ಕೆ ಕಡಲೆಬೇಳೆ, ಗೋಧಿ ಬೀಸುತ್ತಿದ್ದಳು. ಅವಳ ಪದಗಳೆಲ್ಲ ತ್ರಿಪದಿ. ಆ ಹೆಸರು ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಒಬ್ಬ ಮೇಷ್ಟ್ರು ಹೇಳಿದ ಮೇಲೆ. ಮೂರು ಸಾಲು, ಒಟ್ಟು ಹನ್ನೊಂದು ಗಣ (ಸಾಲನ್ನು ಒಡೆದ ತುಂಡುಗಳು), ಆರನೆಯದು ಮತ್ತು ಹತ್ತನೆಯದು ಗಿಡ್ಡ, ಉಳಿದವು ಉದ್ದ ಅಂತ ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರು. ನಾನು ಮನೆಗೆ ಬಂದು ಅವ್ವನ ಪದಗಳನ್ನು ಬೆರಳಲ್ಲಿ ಎಣಿಸಿದೆ. ಸರಿಯಾಗಿ ಅದೇ ಇತ್ತು. ಅವ್ವನಿಗೆ ಹೇಳಿದರೆ, "ಗಿಡ್ಡ ಇದ್ದಲ್ಲಿ ಕಲ್ಲು ತಿರುಗ್ತೈತಿ, ಅದನ್ನೇನು ಎಣಿಸ್ತಿ" ಅಂದಳು.

ಆ ಮಾತೇ ನನಗೆ ದಾರಿ. ಪದವನ್ನು ನಾನು ಕೂತು ಬರೆಯುವುದಿಲ್ಲ, ಕೂತರೆ ಬರೀ ಕಂಪ್ಯೂಟರ್ ಕವಿಗಳ ಥರ ಬರುತ್ತದೆ (ಕವಿಗಳು ಬೈಯಬೇಡಿ). ಕೆಲಸ ಮಾಡುತ್ತಲೇ ಕಟ್ಟಬೇಕು. ನೆಲ್ಲು ನಾಟಿ ಮಾಡುವಾಗ ಸೊಂಟ ಬಗ್ಗಿರುತ್ತದೆ, ಹೊಟ್ಟೆ ಒತ್ತುತ್ತದೆ, ಉಸಿರು ಗಿಡ್ಡ. ಹಾಗಾಗಿ ನಾಟಿಯ ಪದದಲ್ಲಿ ಸಾಲು ಸಣ್ಣದಿರಬೇಕು, ಒಬ್ಬಳು ಹೇಳಿ ಉಳಿದವರು ಎತ್ತಿಕೊಳ್ಳುವ ಹಾಗಿರಬೇಕು, ಆಗ ಹೇಳಿದವಳಿಗೆ ಉಸಿರು ತಗೊಳ್ಳಲು ಬಿಡುವು ಸಿಗುತ್ತದೆ. ಹತ್ತಿಯಲ್ಲಿ ಹಾಗಲ್ಲ. ನೆಟ್ಟಗೆ ನಿಂತಿರುತ್ತೀವಿ, ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ, ಕೈಗೆ ತಾಳ ಅನ್ನೋದೇ ಇಲ್ಲ. ಅಲ್ಲಿ ಎಷ್ಟು ಬೇಕಾದರೂ ಎಳೆಯಬಹುದು, ಎಳೆದಷ್ಟೂ ದೂರದ ಸಾಲಿನವಳಿಗೆ ಕೇಳುತ್ತದೆ. ಆ ಹುಡುಗಿ "ಅಲ್ಲಿ ಎಳೀಬೇಕು" ಅಂದಳಲ್ಲ, ನಾನು ಅದನ್ನು ನಾಟಿಗೆ ಕಟ್ಟಿದ್ದೆ, ಅವರು ಹತ್ತಿಗೆ ತಂದಿದ್ದರು. ಅವಳು ಎಳೆದದ್ದು ಸರಿ. ಅವತ್ತು ರಾತ್ರಿ ಮಲಗಿದಾಗ ಅದು ಹೊಳೆಯಿತು.

ಸಾಲು ಸಿಕ್ಕರೆ ಹೊಲದಲ್ಲೇ ಹತ್ತಾರು ಸಲ ಹೇಳಿಕೊಳ್ಳುತ್ತೇನೆ. ಸಂಜೆ ಮನೆಗೆ ಬರುವಷ್ಟರಲ್ಲಿ ಮರೆತರೆ ಅದನ್ನು ಹುಡುಕಲು ಹೋಗುವುದಿಲ್ಲ. ಮರೆಯುವಂಥ ಸಾಲನ್ನು ಬೇರೆಯವರು ಯಾಕೆ ನೆನಪಿಡಬೇಕು? ಉಳಿದದ್ದನ್ನು ಮೊಬೈಲಿನಲ್ಲಿ ಹಾಡಿ ಇಟ್ಟುಕೊಳ್ಳುತ್ತೇನೆ, ಆಮೇಲೆ ನೋಟ್‌ಬುಕ್ಕಿಗೆ ಇಳಿಸುತ್ತೇನೆ.

ಸುದ್ದಿಯ ಮೇಲೆ ಕಟ್ಟಬಾರದು ಅನ್ನುವುದನ್ನು ಒದ್ದಾಡಿ ಕಲಿತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟೇ ಕೊಚ್ಚಿ ಹೋಯಿತಲ್ಲ, ಆಗ ನಾಟಿಯ ಕಾಲ, ಎಲ್ಲರ ಜೀವ ಬಾಯಿಗೆ ಬಂದಿತ್ತು. ನಾನು ಎರಡೇ ರಾತ್ರಿಯಲ್ಲಿ ಹದಿನಾರು ನುಡಿ ಕಟ್ಟಿದೆ. ಭಜನೆಯಲ್ಲಿ ಹಾಡಿದಾಗ ಜನ ಕಣ್ಣೀರು ಹಾಕಿದರು. ವಾರದಲ್ಲಿ ಅಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಮುಂದೆ ಮಳೆಯೂ ಆಗಿ ಜಲಾಶಯ ಮತ್ತೆ ತುಂಬಿತು. ನನ್ನ ಹದಿನಾರು ನುಡಿಗೆ ಕೆಲಸವಿಲ್ಲದಂತಾಯಿತು. ಈಗ ಅದರಲ್ಲಿ ಒಂದು ನುಡಿಯೂ ನನಗೇ ಪೂರ್ತಿ ಬರುವುದಿಲ್ಲ.

ಭಜನೆ ಮೇಳಕ್ಕೆ ನಾನು ಸೇರಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಅಮಾವಾಸ್ಯೆ ರಾತ್ರಿ ಗುಡಿಯಲ್ಲಿ ಹಾಡುವವರೆಲ್ಲ ಗಂಡಸರು. ಅತ್ತಿ ಬೈದಳು, ಮಾವ ಸುಮ್ಮನಿದ್ದ, ನಾನು ಹೋದೆ. ಅಲ್ಲಿ ನನ್ನ ದನಿ ಕೆಟ್ಟಿತು. ಮೂರು ವರ್ಷ ಹಾಡಿದ ಮೇಲೆ ಮೇಲಿನ ಸ್ವರದಲ್ಲಿ ಗಾಳಿ ಬರತೊಡಗಿತು, ಕೆಳಗೆ ಹೋದರೆ ದನಿಯೇ ಇಲ್ಲ. ನನ್ನ ಕಂಠವೇ ಇಷ್ಟು ಅಂದುಕೊಂಡಿದ್ದೆ. ಪಕ್ಕದ ಊರಿನ ಪೇಟಿ (ಹಾರ್ಮೋನಿಯಂ) ನುಡಿಸುವ ತಾತ ಒಂದು ದಿನ ಬಂದವನು, "ಇವರು ಪೇಟಿ ಕರಿ ಒಂದಕ್ಕ ಇಟ್ಟಾರ, ಅದು ಗಂಡಸರ ಶ್ರುತಿ. ನೀ ಕರಿ ನಾಕಕ್ಕೋ ಐದಕ್ಕೋ ಹಾಡು" ಅಂದ. ಕರಿ ಒಂದು ಅಂದರೆ ಪೇಟಿಯ ಮೊದಲನೇ ಕಪ್ಪು ಕೀ. ಕರಿ ಐದಕ್ಕೆ ಇಟ್ಟು ಒಂದು ನುಡಿ ಹೇಳಿದೆ. ಹಗ್ಗ ಬಿಚ್ಚಿದ ಕರು ಹೇಗೆ ಓಡುತ್ತದೆ, ದನಿ ಹಾಗೆ ಹೋಯಿತು. ಹಾಡಲು ಶುರು ಮಾಡುವ ಹೆಣ್ಣುಮಕ್ಕಳಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ: ಮೇಳದವರ ಶ್ರುತಿಗೆ ನೀವು ಹೋಗಬೇಡಿ, ಪೇಟಿಯವನನ್ನು ನಿಮ್ಮ ಶ್ರುತಿಗೆ ಕರೆಯಿರಿ. ಅವನು ಮುಖ ಸೊಟ್ಟ ಮಾಡುತ್ತಾನೆ, ಮಾಡಲಿ. ಆಮೇಲೆ ನಾನೂ ಒಂದು ಹಳೇ ಪೇಟಿ ತಗೊಂಡೆ. ಎರಡು ಸಲ ಇಲಿ ಅದರ ತಿದಿ ಕಡಿದಿದೆ.

ಮೊಹರಮ್ಮಿಗೂ ಪದ ಕಟ್ಟಿದ್ದೇನೆ. ನಮ್ಮ ಕಡೆ ಮೊಹರಮ್ಮಿನ ಅಲಾಯಿ ಕುಣಿತ ಕುಣಿಯುವವರಲ್ಲಿ ಯಾವ ಜಾತಿಯವರು ಇಲ್ಲ ಹೇಳಿ. ಮುದಗಲ್ಲಿನ ಮೊಹರಂ ನೋಡಿದವರಿಗೆ ಇದನ್ನು ಹೇಳುವುದೇ ಬೇಡ. ಓಣಿಯ ಹುಡುಗರು ಬಂದು, "ಹೆಜ್ಜಿಗೆ ಕೂಡೋ ಹಂಗ ಒಂದು ಕೊಡಬೇ" ಅಂತ ಕೇಳುತ್ತಾರೆ. ಅವರಿಗೆ ಅರ್ಥ ಆಮೇಲೆ, ಹೆಜ್ಜೆ ಮೊದಲು.

ಇನ್ನು ಜಗಳದ ವಿಷಯ. ಹತ್ತಿ ಹೊಲದ ಹುಡುಗಿ ಹಾಡಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಆದರೆ ಅದಕ್ಕೂ ಮೊದಲು ಒಬ್ಬರು ನನ್ನ ಮನೆಗೇ ಬಂದು, ಚಹಾ ಕುಡಿದು, ನಾಲ್ಕು ಪದ ರೆಕಾರ್ಡ್ ಮಾಡಿಕೊಂಡು ಹೋದರು. ಅದರಲ್ಲಿ ಎರಡು ಯೂಟ್ಯೂಬಿನಲ್ಲಿ ಬಂದವು. ಬೇರೆ ಯಾರೋ ಹಾಡಿದ್ದರು, ಕೀಬೋರ್ಡು ಡಬಡಬ ಅಂತಿತ್ತು, ಕೆಳಗೆ "ಜಾನಪದ, ಸಂಗ್ರಹ" ಅಂತ ಅವರ ಹೆಸರು. ಫೋನ್ ಮಾಡಿದೆ. "ಅಮ್ಮಾ, ನಿಮ್ಮ ಪದ ಜಾನಪದದ ಹಾಗೇ ಇದೆಯಲ್ಲ, ಖುಷಿಪಡಿ" ಅಂದರು. ಜಾನಪದ ಅಂದರೆ ಕಟ್ಟಿದವಳು ಸತ್ತಿರಬೇಕು ಅಂತ ಕಾನೂನಿದೆಯಾ? ನಾನು ಬದುಕಿದ್ದೇನೆ, ರೇಷನ್ ಕಾರ್ಡ್ ಇದೆ.

ಆಗ ಅಂಕಿತದ ಯೋಚನೆ ಬಂತು, ಅಂದರೆ ಯಾರು ಕಟ್ಟಿದ್ದು ಅಂತ ಗೊತ್ತಾಗಲು ಪದದೊಳಗೇ ಇಡುವ ಗುರುತಿನ ಹೆಸರು. ನಮ್ಮ ನೆಲ ಅಂಕಿತದ ನೆಲ. ವಿಜಯದಾಸರು ಹುಟ್ಟಿದ್ದು ನಮ್ಮ ತಾಲ್ಲೂಕಿನ ಚೀಕಲಪರವಿಯಲ್ಲಿ, ಜಗನ್ನಾಥದಾಸರು ಇದ್ದದ್ದು ಮಾನ್ವಿಯಲ್ಲೇ. ವಿಜಯವಿಠಲ, ಜಗನ್ನಾಥವಿಠಲ ಅಂತ ಕೊನೆಯಲ್ಲಿ ಬಂದರೆ ಯಾರ ಪದ ಅಂತ ಇವತ್ತಿಗೂ ಯಾರೂ ಕೇಳುವುದಿಲ್ಲ. ಜಗನ್ನಾಥದಾಸರಿಗೆ ಪಂಢರಪುರದ ಹೊಳೆಯಲ್ಲಿ ಮುಳುಗಿ ಎದ್ದಾಗ ಅಂಕಿತ ಸಿಕ್ಕಿತು ಅಂತ ಕಥೆ ಹೇಳುತ್ತಾರೆ. ನನಗೆ ಕೊಡುವ ಗುರು ಇಲ್ಲ. ನಮ್ಮ ಹೊಳೆಯಲ್ಲಿ ಮುಳುಗೋಣ ಅಂದರೆ ಆ ತಿಂಗಳು ನೀರಿರಲಿಲ್ಲ. ನಾನೇ ಇಟ್ಟುಕೊಂಡೆ: ಹೊಳಿದಂಡಿ.

ಆದರೆ ಸುಮ್ಮನೆ ಕೊನೆಯಲ್ಲಿ ಇಟ್ಟರೆ ಹನುಮಪ್ಪ ಬಂದು ಕೂತುಬಿಡುತ್ತಾನೆ, ನೋಡಿದೆನಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಹಳೇ ಪದಗಳಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರುತ್ತದೆ, ಪ್ರಾಸ. ಅಂಕಿತವನ್ನು ಸಾಲಿನ ತಲೆಗೆ ತಂದು, ಅದರ "ಳಿ"ಗೆ ಮೇಲಿನ ಎರಡು ಸಾಲನ್ನು ಕಟ್ಟಿಹಾಕಿದೆ. ನೋಡಿ:

ಬೆಳಿ ನೋಡಿ ಬೆಲಿ ಹೇಳೋ ದಲ್ಲಾಳಿ ಅಣ್ಣಯ್ಯ
ಮಳಿ ನೋಡಿ ಬಿತ್ತಿ ಬಾಯ್ಮುಚ್ಚಿ ಕುಂತಾಳ
ಹೊಳಿದಂಡಿ ನಾಳೆ ಕೇಳ್ತಾಳ

ಇಲ್ಲಿ ಹೊಳಿದಂಡಿ ತೆಗೆದು ಹನುಮಪ್ಪ ಅಂದು ನೋಡಿ. ಬೆಳಿ, ಮಳಿ, ಹನುಮಪ್ಪ. ಬಾಯಿ ಎಡವುತ್ತದೆ. ಕದ್ದವನು ಮೂರೂ ಸಾಲು ಹೊಸದಾಗಿ ಕಟ್ಟಬೇಕು, ಅಷ್ಟು ಕಟ್ಟಲು ಬಂದರೆ ಅವನು ಯಾಕೆ ಕದಿಯುತ್ತಾನೆ? ಇದರ ಜೊತೆಗೆ ಹೊಸ ಪದವನ್ನು ಯಾರಿಗಾದರೂ ಕೊಡುವ ಮೊದಲು ನಾನೇ ಹಾಡಿ, ತಾರೀಖು ಬಾಯಲ್ಲಿ ಹೇಳಿ, ಮಗಳ ಕೈಯಲ್ಲಿ ಯೂಟ್ಯೂಬಿಗೆ ಹಾಕಿಸುತ್ತೇನೆ. ನೋಡುವವರು ಜಾಸ್ತಿ ಇಲ್ಲ. ಇದ್ದರೂ ಇಲ್ಲದಿದ್ದರೂ ತಾರೀಖು ಅಲ್ಲಿರುತ್ತದೆ.

ಈ ದಲ್ಲಾಳಿ ಪದವನ್ನು ನಮ್ಮ ಓಣಿಯ ಹೆಣ್ಣಾಳುಗಳಿಗೆ ಕಲಿಸಿದ್ದೆ. ಮೊನ್ನೆ ಹತ್ತಿ ತೂಕ ಮಾಡುವಾಗ ದಲ್ಲಾಳಿ ಚೀಲಕ್ಕೆ ಎರಡು ಕೆಜಿ ಸೂಟು (ತೂಕದಲ್ಲಿ ಕಡಿತ) ಅಂತ ಮುರಿದ. ಇವರು ಚೀಲಗಳ ಮೇಲೆ ಕೂತು ಅವನ ಮುಖಕ್ಕೇ ಹಾಡಿದರು. ನಾನು ಟ್ರ್ಯಾಕ್ಟರ್ ಹತ್ತಿರ ನಿಂತಿದ್ದೆ. ಹೊಳಿದಂಡಿ ಹಾಗೇ ಇತ್ತು, ಯಾರೂ ತೆಗೆದಿರಲಿಲ್ಲ. ಅದರ ಪಕ್ಕದ ಮಾತು ಮಾತ್ರ ಬದಲಾಗಿತ್ತು: "ಹೊಳಿದಂಡಿ ಈಗ ಕೇಳ್ತಾಳ."

ನಾಳೆ, ಈಗ. ಎರಡೂ ಗಿಡ್ಡ ಗಣ, ಕೂಡುತ್ತದೆ. ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ಇನ್ನೇನು ಮಾಡೋದು, ಹೋಗಿ ತಕ್ಕಡಿ ಮುಂದೆ ನಿಂತು ಕೇಳಿದೆ. ಎರಡು ಕೆಜಿ ಇದ್ದದ್ದು ಒಂದಕ್ಕೆ ಇಳಿಯಿತು. ರಾತ್ರಿ ನೋಟ್‌ಬುಕ್ಕಿನಲ್ಲಿ "ನಾಳೆ" ಹೊಡೆದು "ಈಗ" ಅಂತ ಬರೆದೆ.